ಬೈರಪ್ಪನ ನಾಯಿ ತೇಗಿದ್ದು

ತೊಂದರೆ ಶುರುವಾದದ್ದು ಒಂದು ಕಲ್ಲಿನಿಂದ.

ಗಂಜಾಮಿನ ಹತ್ತಿರ ಕಾವೇರಿ ದಡದಲ್ಲಿ ಹೆಕ್ಕಿದ, ಮಾವಿನಕಾಯಿ ಗಾತ್ರದ ನುಣ್ಣನೆಯ ಕಲ್ಲು. ಚಲುವರಾಜು ಅದನ್ನು ದಿನಾ ತೊಳೆದು ನಾಯಿಮರಿಯ ತಟ್ಟೆಯ ನಡುವೆ ಇಟ್ಟು, ಸುತ್ತಲೂ ಮೆತ್ತಗೆ ಬೆಂದ ಅನ್ನ, ಚೂರು ಮಾಡಿದ ಮೊಟ್ಟೆ, ಒಂದಿಷ್ಟು ಬೇಯಿಸಿದ ಕುಂಬಳಕಾಯಿ ಹರಡುತ್ತಿದ್ದ. ಮರಿ ಕಲ್ಲಿನ ಸುತ್ತ ಮೂತಿ ತೂರಿಸಿ, ನಾಲಿಗೆಯಿಂದ ಹುಡುಕಿ ಹುಡುಕಿ ನಿಧಾನವಾಗಿ ತಿನ್ನುತ್ತಿತ್ತು. ಕಲ್ಲಿಲ್ಲದಿದ್ದರೆ ಅದು ತಿನ್ನುತ್ತಿರಲಿಲ್ಲ. ಚರಂಡಿ ಮಳೆನೀರನ್ನು ಎಳೆದುಕೊಳ್ಳುವ ಹಾಗೆ ಒಂದೇ ಸಲಕ್ಕೆ ಎಳೆದುಕೊಳ್ಳುತ್ತಿತ್ತು. ಆಮೇಲೆ ಅದರ ಹೊಟ್ಟೆ ತಮಟೆಯಾಗುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಬಿಸಿಲು ಬರಲೆಂದು ಬಾಗಿಲು ತೆರೆದಿಟ್ಟದ್ದು ಚಲುವರಾಜುವಿನ ತಪ್ಪು. ಜಗಲಿ ಗುಡಿಸುತ್ತಿದ್ದ ಮನೆಯೊಡತಿ ಪುಟ್ಟಗೌರಮ್ಮ ಇಣುಕಿ ನೋಡಿದವಳು ಪೊರಕೆ ಕೈಬಿಟ್ಟಳು.

“ನಿನ್ನ ಮನೆ ಕಾಯ್ವೋಗ! ಬಾಯಿಲ್ಲದ ಪ್ರಾಣಿಗೆ ಕಲ್ಲು ಬಡಿಸಿದ್ದೀಯಲ್ಲೋ!”

ಉತ್ತರ ಒಂದೇ ವಾಕ್ಯದ್ದು. ಆದರೆ ಚಲುವರಾಜುವಿಗೆ ಒಂದು ವಾಕ್ಯವೆಂದರೆ ಆಳದ ಬಾವಿಯಿಂದ ನೀರು ಸೇದಿದಷ್ಟು ಕೆಲಸ. ಹಗ್ಗ ಇಳಿಯಬೇಕು, ಕೊಡ ಮುಳುಗಬೇಕು. ಮೇಲೆ ಬರುವಷ್ಟರಲ್ಲಿ ಕೇಳಿದವರು ಹೋಗಿಯೇ ಬಿಟ್ಟಿರುತ್ತಿದ್ದರು. ಅವನು ಮೆಲ್ಲಗೆ ನಕ್ಕ.

“ನಗ್ತೀಯಾ? ಇವತ್ತು ಯಾವ ದಿನ ಗೊತ್ತಾ? ಬೈರಪ್ಪನ ಅಷ್ಟಮಿ! ಅದ್ರಲ್ಲೂ ಭಾನುವಾರ! ಚುಂಚನಗಿರಿ ಸೀಮೇಲಿ ಅನ್ನ ತಿಂದು ಬೈರಪ್ಪನ ವಾಹನಕ್ಕೆ ಕಲ್ಲು ಉಣ್ಣುಸ್ತೀಯಾ? ತಡಿ, ನಾನು ತತ್ತೀನಿ ಊಟವ!”

ಬೇರೆ ಯಾವ ದಿನವಾದರೂ ಆಗಬಹುದಿತ್ತು, ಆ ದಿನ ಮಾತ್ರ ಆಗಬಾರದಿತ್ತು.

ಅವನು ಮೈಸೂರಿನಲ್ಲಿ ಬಿ.ಎ. ಓದಿ, ನಾಗಮಂಗಲದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ, ಪುಟ್ಟಗೌರಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಒಬ್ಬನೇ ಇದ್ದ. ಅವನ ಮೌನಕ್ಕೆ ಊರಲ್ಲಿ ಎಲ್ಲರೂ ತಮಗೆ ಬೇಕಾದ ಅರ್ಥ ಹಚ್ಚುತ್ತಿದ್ದರು. ಕೆಲವರು ಜಂಬ ಎಂದರು. ಕಚೇರಿಯವರು ಒಪ್ಪಿಗೆ ಎಂದುಕೊಂಡು ತಮ್ಮ ಕೆಲಸವನ್ನೂ ಅವನ ಮೇಜಿಗೆ ದಾಟಿಸಿದರು. ಹೆಣ್ಣು ತೋರಿಸಿದವರು ಒಲ್ಲೆನೆಂದು ತಿಳಿದು ಎದ್ದುಹೋದರು. ಸುಮ್ಮನೆ ಕೂತರೆ ಸುಮ್ಮನೆ ಪಕ್ಕದಲ್ಲಿ ಬಂದು ಕೂರುತ್ತಿದ್ದದ್ದು ಆ ಮರಿ ಒಂದೇ. ಸಂಜೆ ಕಚೇರಿಯಿಂದ ಬಂದು ಅವನು ಜಗಲಿಯ ಮೇಲೆ ಕೂತರೆ ಅದು ಅವನ ಪಾದದ ಮೇಲೆ ಗದ್ದವಿಟ್ಟು ಬೀದಿ ನೋಡುತ್ತಿತ್ತು. ಇಬ್ಬರ ನಡುವೆ ಹೇಳಿಕೊಳ್ಳಬೇಕಾದದ್ದು ಏನೂ ಉಳಿದಿರುತ್ತಿರಲಿಲ್ಲ.

ಮರಿಯನ್ನು ಕೊಟ್ಟವರು ಪಾಲಹಳ್ಳಿಯ ಸುಬೇದಾರ್ ಮುದ್ದಯ್ಯ. ಸೈನ್ಯದ ನಾಯಿಗಳನ್ನು ನೋಡಿಕೊಂಡು, ಪಿಂಚಣಿ ಪಡೆದು ಊರಿಗೆ ಬಂದವರು. ಸರ್ವೀಸು ಪೂರ್ತಿ ಕರ್ನಲ್ಲುಗಳಿಗೆ ಸಲಾಮು ಹೊಡೆದ ಸೇಡಿಗೆ, ತಮ್ಮ ಅಲ್ಸೇಶಿಯನ್ ನಾಯಿಯ ಕಪ್ಪು ಮರಿಗೆ ‘ಕರ್ನಲ್’ ಎಂದೇ ಹೆಸರಿಟ್ಟು, “ಕರ್ನಲ್, ಕೂತ್ಕೊ!” ಎಂದು ಬಾಯಿತುಂಬ ಗದರಿಸುತ್ತಿದ್ದರು.

“ಇದು ಬೀದಿ ನಾಯಲ್ಲ ಕಣಪ್ಪ, ಎಸೆದಿದ್ದೆಲ್ಲ ಅರಗಿಸ್ಕೊಳ್ಳಾಕೆ,” ಎಂದು ಕೊಡುವಾಗಲೇ ಹೇಳಿದ್ದರು. “ದೊಡ್ಡ ಜಾತಿ. ಮೈ ಬೆಳೆದಷ್ಟು ಬಿರ್ನೆ ಹೊಟ್ಟೆ ಬಲಿಯಾಕಿಲ್ಲ. ದಿನಾ ಅದೇ ಹೊತ್ಗೆ, ಅದೇ ಊಟ, ಸೊಲ್ಪ ಸೊಲ್ಪ. ಗಬಗಬ ತಿನ್ನಾಕೆ ಬುಡ್ಬ್ಯಾಡ. ಉಂಡ್ಮೇಲೆ ಕುಣಿಸ್ಬ್ಯಾಡ, ಮಲಗ್ಸು. ಹಾಲು ಬ್ಯಾಡ, ಸಾರು ಬ್ಯಾಡ, ಕರಿದಿದ್ದು ಬ್ಯಾಡ್ವೇ ಬ್ಯಾಡ. ಬೆಳಗಾಗೆದ್ದು ಅದು ಹಿತ್ಲಲ್ಲಿ ಏನ್ ಮಾಡ್ಯದೆ ಅಂತ ನೋಡು. ಪಂಚಾಂಗ ನೋಡೋದ್ ಬುಟ್ರೂ ಅದ ನೋಡೋದ್ ಬುಡ್ಬ್ಯಾಡ.”

ಚಲುವರಾಜು ಅಕ್ಷರವೂ ತಪ್ಪದೆ ನಡೆದ. ಆದರೂ ಹೋದ ವಾರ ಅವನು ಕಚೇರಿಯಲ್ಲಿದ್ದಾಗ ಪುಟ್ಟಗೌರಮ್ಮ ಕನಿಕರಪಟ್ಟು ಮರಿಗೆ ಒಂದು ಮುದ್ದೆ, ಮೇಲೆ ಒಂದು ಚೊಂಬು ಎಮ್ಮೆ ಹಾಲು ಕೊಟ್ಟಳು. ಆಮೇಲೆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೊರಗಿದ ಮರಿಯನ್ನು ಮಗುವಿನಂತೆ ಹೆಗಲ ಮೇಲೆ ಹಾಕಿಕೊಂಡು, ಬಸ್ಸಿನವರ ಬೈಗುಳ ಕೇಳಿಕೊಂಡು ಪಾಲಹಳ್ಳಿಗೆ ಓಡಿದ. ಸುಬೇದಾರರು ಮದ್ದು ಮಾಡಿದರು. ಕಲ್ಲಿನ ಉಪಾಯವನ್ನು ಹೇಳಿಕೊಟ್ಟದ್ದೂ ಆಗಲೇ. ಕೊನೆಗೆ ಮೀಸೆ ತಿರುವಿ ಹೇಳಿದರು:

“ಬರೋ ಭಾನುವಾರ ಸಂಜೆ ಬಸ್ಗೆ ನಾನೇ ಬತ್ತೀನಿ. ಹೊಟ್ಟೆ ನೆಟ್ಟಗಿದ್ರೆ ನಾಯಿ ನಿಂದು. ಕೆಟ್ಟಿತ್ತೋ, ಬಗಲಲ್ಲಿ ಎತ್ಕಂಡು ಓಯ್ತಾ ಇರ್ತೀನಿ. ಸಮ್ಝಾ?”

ಆ ಭಾನುವಾರವೇ ಇದು.

ಪುಟ್ಟಗೌರಮ್ಮ ಹೇಳಿದಂತೆ ಬಂದಳು. ಕಂಚಿನ ತಟ್ಟೆಯಲ್ಲಿ ಹೊಗೆಯಾಡುವ ಎರಡು ಮುದ್ದೆ, ಸುತ್ತ ಕೆರೆಯಂತೆ ಅವರೆಕಾಳು ಸಾರು. ಹಣೆಗೆ ವಿಭೂತಿ, ಕಣ್ಣಲ್ಲಿ ಭಕ್ತಿ.

“ಆಂಟಿ... ಅದಕ್ಕೆ...” ಎಂದು ಚಲುವರಾಜು ಹಗ್ಗ ಇಳಿಸಿದ.

“ಅದ್ಕೇ ತಂದಿದ್ದು. ನೋಡು ಮಗ, ಇದು ಬೈರಪ್ಪನ ನಾಯಿಗೆ ಅಂತ ತೆಗೆದ ಎಡೆ. ಒಂದಗುಳು ನೆಲಕ್ಕೆ ಬೀಳಂಗಿಲ್ಲ. ತಟ್ಟೆ ಬರಿದಾದ ಮೇಲೇ ನಾನು ಬಾಯಿಗೆ ನೀರು ಬುಟ್ಕೊಳ್ಳೋದು.” ಹಾಗೆಂದು ಜಗಲಿಯ ಮೇಲೆ ಸೆರಗು ಹೊದ್ದು ಕೂತೇಬಿಟ್ಟಳು.

ಚಲುವರಾಜು ತಟ್ಟೆ ಹಿಡಿದು ಒಳಗೆ ಬಂದು ಬಾಗಿಲು ಹಾಕಿಕೊಂಡ. ಕರ್ನಲ್ ಎದ್ದು ನಿಂತು ಮೂಗನ್ನು ತಟ್ಟೆಯ ಕಡೆಗೆ ದಿಕ್ಸೂಚಿಯಂತೆ ತಿರುಗಿಸಿತು. ಅದಕ್ಕೆ ಕೊಟ್ಟರೆ ನಾಯಿ ಹೋಯಿತು. ಚೆಲ್ಲಿದರೆ ದೇವರ ಎಡೆ. ಹಾಗೇ ವಾಪಸು ಕೊಟ್ಟರೆ ಮುದುಕಿ ಉಪವಾಸ. ಇವನು ಬಹಳ ಹೊತ್ತು ಮರಿಯನ್ನು ನೋಡಿದ. ಮರಿ ಇವನನ್ನು ನೋಡಿತು. ಕೊನೆಗೆ ಚಲುವರಾಜು ಗೋಡೆಯ ಕಡೆ ಮುಖ ಮಾಡಿ ಕೂತು ಮುದ್ದೆ ಮುರಿದ.

ಬರಿದಾದ ತಟ್ಟೆ ನೋಡಿ ಪುಟ್ಟಗೌರಮ್ಮನ ಕಣ್ಣು ತುಂಬಿತು. “ನೆಕ್ಬುಟ್ಟದೆ ನೋಡು ನನ್ನಪ್ಪ! ಕಲ್ಲು ತಿಂದು ತಿಂದು ಎಷ್ಟು ಹಸ್ದಿತ್ತೋ!”

ಆ ತಟ್ಟೆಯನ್ನು ಅವಳು ಬೀದಿಗೆಲ್ಲ ತೋರಿಸದೆ ಮನೆಗೆ ಒಯ್ಯಲಿಲ್ಲ.

ಎದುರು ಮನೆಯ ಬೆಟ್ಟಮ್ಮನ ಎಮ್ಮೆ ಮೇವು ಮುಟ್ಟದೆ ನಿಂತಿತ್ತು. ಅದರ ಹೆಸರಿನಲ್ಲಿ ಅವಳು ಒಂದು ದೊಡ್ಡ ಬೋಸಿ ಮೊಸರನ್ನ ಕಲಸಿಕೊಂಡು ಬಂದಳು. ಈ ಸಲ ಚಲುವರಾಜುವಿಗೆ ಉಪಾಯ ಹೊಳೆಯಿತು. ಬೋಸಿ ತೆಗೆದುಕೊಂಡು ಒಳಗಿಂದ ಹಾದು ಹಿತ್ತಿಲಿಗೆ ಹೋದ. ಅಲ್ಲಿ ಬೇಲಿಯ ಬುಡದಲ್ಲಿ ಬೀದಿಯ ಕೆಂದನಾಯಿಯೊಂದು ಮಲಗಿತ್ತು. ನಾಯಿಗೆಂದು ತಂದದ್ದು ನಾಯಿಗೇ ಸೇರಿದರೆ ಬೈರಪ್ಪ ಬಣ್ಣ ಕೇಳುತ್ತಾನೆಯೇ? ಅವನು ಬಗ್ಗಿ ಒಂದು ಹಿಡಿ ಅನ್ನ ತೆಗೆದ.

“ಏನಪ್ಪಾ ಚಲುವರಾಜು, ಯಾರ ಎಡೆಯ ಯಾರಿಗೆ ಇಡ್ತಿದ್ದೀಯೆ?”

ಬೇಲಿಯ ಮೇಲಿಂದ ಬೆಟ್ಟಮ್ಮನ ತಲೆ. ಬೇಲಿಯಾಚೆ ಕಟ್ಟಿದ್ದ ತನ್ನ ಎಮ್ಮೆಗೆ ಸುದ್ದಿ ಹೇಳಲು ಬಳಸಿಕೊಂಡು ಬಂದಿದ್ದಳು. ಚಲುವರಾಜುವಿನ ಕೈ ಗಾಳಿಯಲ್ಲಿ ಒಂದು ಗಳಿಗೆ ನಿಂತು, ಬೇರೆ ದಾರಿ ಕಾಣದೆ ಅವನ ಬಾಯಿಗೇ ಹೋಯಿತು.

“ಉಪ್ಪು... ನೋಡ್ತಿದ್ದೆ.”

“ಪುಟ್ಟಗೌರಕ್ಕೋ! ಬಾ ಇಲ್ಲಿ! ಇವ್ನ ಪ್ರೀತಿಯ ನೋಡು ಬಾ! ನಾಯಿಗೂ ಉಪ್ಪು ನೋಡಿ ಇಕ್ತಾನೆ! ನಮ್ ಗಂಡಸ್ರು ಹೆಂಡ್ತೀರಿಗೆ ಒಂದು ದಿನ ನೋಡವ್ರಾ?”

ಇಬ್ಬರೂ ಬೇಲಿಯ ಹತ್ತಿರವೇ ನಿಂತರು. ಕೆಂದನಾಯಿ ಆಕಳಿಸಿ ಎದ್ದುಹೋಯಿತು. ಚಲುವರಾಜು ಬೋಸಿಯೊಂದಿಗೆ ಒಳಗೆ ಹೋದ. ಮೊಸರನ್ನ ತಣ್ಣಗಿತ್ತು, ಅದೊಂದೇ ಸಮಾಧಾನ.

ಮಧ್ಯಾಹ್ನ, ಹೊತ್ತಿಗೆ ಸರಿಯಾಗಿ, ಮರಿಗೆ ಕಲ್ಲಿಟ್ಟು ಊಟ ಕೊಟ್ಟ. ಬಗ್ಗಲಾಗದೆ ತಟ್ಟೆಯನ್ನು ಕಾಲಿನಿಂದ ಮೆಲ್ಲಗೆ ತಳ್ಳಬೇಕಾಯಿತು. ಅದು ಉಂಡು ಮಲಗಿತು. ಇವನೂ ಮಲಗಬೇಕೆನ್ನುವಷ್ಟರಲ್ಲಿ ಹೊರಗೆ ಗದ್ದಲ.

ಹುಚ್ಚಯ್ಯ ಬಂದಿದ್ದ. ಬಸ್ ಸ್ಟಾಂಡಿನ ಎದುರು ಹೋಟೆಲು ಇಟ್ಟವನು. ತನ್ನ ಹೋಟೆಲಿನ ವಡೆಯನ್ನು ತಾನು ಎಂದೂ ತಿನ್ನದ ಜಾಣ. ಆದರೂ ಅವನಿಗೆ ವರ್ಷಗಟ್ಟಲೆಯಿಂದ ಹೊಟ್ಟೆಯುರಿ. ಕೈಯಲ್ಲಿ ಉದ್ದಿನ ವಡೆಯ ಹಾರ, ಮದುವೆ ಗಂಡಿಗೆ ಹಾಕುವಷ್ಟು ಉದ್ದದ್ದು. ಅವನ ಹಿಂದೆ ಅರ್ಧ ಬೀದಿ.

“ಹೊಟ್ಟೆಯುರಿ ಓಗ್ಲಿ ಅಂತ ಹರಕೆ ಕಣಪ್ಪ. ಕೊರಳ್ಗೆ ಹಾಕಿ ಒಂದೊಂದೇ ನನ್ ಕೈಯಾರೆ ತಿನ್ನುಸ್ತೀನಿ. ಎಲ್ಲಿ ನಮ್ಮಪ್ಪ?”

ಕರಿದ ವಾಸನೆಗೆ ನಮ್ಮಪ್ಪ ಆಗಲೇ ಎದ್ದು, ಜೊಲ್ಲು ಸುರಿಸುತ್ತ ಬಾಲ ಬಡಿಯುತ್ತಿದ್ದ. ಹುಚ್ಚಯ್ಯ ಹೊಸ್ತಿಲು ದಾಟಲು ಕಾಲೆತ್ತಿದ. ಚಲುವರಾಜು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ. ಹಗ್ಗ ಇಳಿಯಿತು, ಕೊಡ ಮುಳುಗಿತು, ಮೊದಲ ಸಲ ತುಂಬಿ ಮೇಲೆ ಬಂತು.

“ಜನ ನೋಡ್ತಿದ್ರೆ ಅದು ತಿನ್ನಲ್ಲ!”

ಹುಚ್ಚಯ್ಯ ಬೆರಗಾಗಿ ನಿಂತ. ಆಮೇಲೆ ಎರಡೂ ಕೆನ್ನೆ ಬಡಿದುಕೊಂಡ.

“ಎಂಗೆ ತಿಂದದು! ನಮ್ಗೆ ಬುದ್ಧಿ ಬ್ಯಾಡ್ವಾ? ಗುಡೀಲಿ ನೈವೇದ್ಯ ಇಡೋವಾಗ ಪರದೆ ಎಳಿಯಾಕಿಲ್ವಾ? ಬೆಟ್ಟಕ್ಕ, ಇಡ್ಕೊ ಈ ತುದಿಯ!”

ಹೆಗಲ ಮೇಲಿನ ಟವಲು ಬಾಗಿಲಿಗೆ ಪರದೆಯಾಯಿತು. ಹಾರ ಪರದೆಯ ಅಡಿಯಿಂದ ಒಳಗೆ ಹೋಯಿತು. ಯಾರೋ ಗಂಟೆ ಇಲ್ಲವೆಂದು ತಟ್ಟೆ ಬಡಿದರು.

ಪರದೆಯ ಹಿಂದೆ ಚಲುವರಾಜು ಕಾಲು ನೀಡಿ ಗೋಡೆಗೆ ಒರಗಿ ಕೂತು ಮೊದಲ ವಡೆ ಕಚ್ಚಿದ. ಸುಮ್ಮನೆ ತಿನ್ನುವ ಹಾಗೂ ಇರಲಿಲ್ಲ, ವಡೆ ಅಷ್ಟು ಗರಿಗರಿ. ಕರ್ನಲ್ ಬಂದು ಅವನ ಮೊಣಕಾಲ ಮೇಲೆ ತಲೆಯಿಟ್ಟಿತು. ಪ್ರತಿ ವಡೆಯೂ ಕೈಯಿಂದ ಬಾಯಿಗೆ ಹೋಗುವುದನ್ನು ಅದರ ಕಣ್ಣು ಹಿಂಬಾಲಿಸಿತು. ಮೊದಮೊದಲು ಆ ಕಣ್ಣಲ್ಲಿ ಆಸೆಯಿತ್ತು. ಹಾರ ಅರ್ಧವಾಗುವ ಹೊತ್ತಿಗೆ ಉಳಿದದ್ದು ಬರೀ ಕನಿಕರ. ಅದು ಒಮ್ಮೆ ಅವನ ಕೈಯನ್ನು ನೆಕ್ಕಿತು. ಚಲುವರಾಜುವಿಗೆ ಗಂಟಲು ಕಟ್ಟಿತು. ಪ್ರೀತಿಯಿಂದಲೋ ವಡೆಯಿಂದಲೋ ತಿಳಿಯಲಿಲ್ಲ.

“ಕೇಳ್ಸ್ಕೊಳ್ರೋ,” ಎಂದು ಹೊರಗೆ ಹುಚ್ಚಯ್ಯ ಪಿಸುಗುಟ್ಟಿದ. “ಕರುಂ ಕುರುಂ ಅಂತ ಜಗೀತಾವ್ನೆ ನಮ್ಮಪ್ಪ!”

ಕೊನೆಯ ವಡೆ ಇಳಿಯಿತು. ಇಳಿದದ್ದೇ, ಒಳಗಿನಿಂದ ಒಂದು ತೇಗು ಹೊರಟಿತು. ಉದ್ದವಾದ, ತೃಪ್ತ ಗೃಹಸ್ಥನ ತೇಗು. ಕೋಣೆಯ ಹೆಂಚು ನಡುಗಿದಂತಾಯಿತು.

ಹೊರಗೆ ತಟ್ಟೆ ಬಡಿಯುವುದು ನಿಂತಿತು.

“ನಾಯಿ ತೇಗ್ತದಾ?” ಎಂದು ಬೆಟ್ಟಮ್ಮ ಅನುಮಾನಪಟ್ಟಳು.

“ಬೈರಪ್ಪನ ನಾಯಿ ತೇಗ್ದೆ ಇನ್ಯಾವ ನಾಯಿ ತೇಗಾತು?” ಎಂದು ಪುಟ್ಟಗೌರಮ್ಮ ಗದರಿದಳು. “ಹರಕೆ ಮುಟ್ತು ಅಂತ ಸೂಚ್ನೆ ಕೊಟ್ಟದೆ. ಅನುಮಾನ ಪಟ್ರೆ ನಿನ್ ಎಮ್ಮೆ ಒದೀತದೆ, ನೋಡ್ಕೊ!”

ಆಮೇಲೆ ತಡೆಯುವವರಿಲ್ಲ. ತೇಗಿದ ನಾಯಿಯ ಸುದ್ದಿ ಬೀದಿಯಿಂದ ಬೀದಿಗೆ ಹೋಯಿತು. ತಂಬಿಟ್ಟು ಬಂತು, ಕಜ್ಜಾಯ ಬಂತು, ಗಸಗಸೆ ಪಾಯಸ ಬಂತು. ಹುಚ್ಚಯ್ಯ ಹೋಟೆಲು ಮರೆತು ಟವಲು ಹಿಡಿದು ನಿಂತುಬಿಟ್ಟ. ಒಳಗೆ ಚಲುವರಾಜು ಪಂಚೆಯ ಗಂಟನ್ನು ಸಡಿಲಿಸಿದ, ಮತ್ತೆ ಸಡಿಲಿಸಿದ, ಕೊನೆಗೆ ಗಂಟಿನ ಮೇಲಿನ ಆಸೆಯನ್ನೇ ಬಿಟ್ಟ. ಪ್ರತಿ ತಟ್ಟೆಯೂ ಬರಿದಾಗಿ ಹೊರಗೆ ಹೋಗುತ್ತಿತ್ತು, ಪ್ರತಿ ಬರಿದಾದ ತಟ್ಟೆ ಇನ್ನೊಂದನ್ನು ಕರೆದು ತರುತ್ತಿತ್ತು. ಒಂದು ಮಾತು ಹೇಳಿದರೆ ಇದೆಲ್ಲ ನಿಲ್ಲುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೆ ಆ ಮಾತು ಹೊಟ್ಟೆಯ ತಳದಲ್ಲಿತ್ತು, ಅದರ ಮೇಲೆ ಎರಡು ಮುದ್ದೆ, ಒಂದು ಬೋಸಿ ಮೊಸರನ್ನ, ಒಂದು ಹಾರ ವಡೆ ಕೂತಿದ್ದವು.

ಹೊತ್ತು ಇಳಿಯುವಾಗ ಪಾಂಡವಪುರದ ಕಡೆಯ ಬಸ್ಸು ಬಂತು. ಸುಬೇದಾರ್ ಮುದ್ದಯ್ಯ ಬೆತ್ತ ತಿರುಗಿಸುತ್ತ ಬೀದಿಗೆ ಕಾಲಿಟ್ಟರು. ಬಾಗಿಲ ಮುಂದಿನ ಜಾತ್ರೆ ನೋಡಿ ಹುಬ್ಬೇರಿಸಿದರು.

“ಏನಿದು? ನಾಯಿ ಸತ್ತೋಯ್ತಾ?”

“ಬುಡ್ತು ಅನ್ನಿ! ಬೆಳಗಿಂದ ನಮ್ ಕೈಲಿ ಎಡೆ ತಗಂಡದೆ,” ಎಂದು ಪುಟ್ಟಗೌರಮ್ಮ ಮುಂದೆ ಬಂದಳು. “ಎರಡು ಮುದ್ದೆ ಉಂಡದೆ.”

“ಒಂದು ಬೋಸಿ ಮೊಸರನ್ನ,” ಎಂದಳು ಬೆಟ್ಟಮ್ಮ.

“ಒಂದು ಹಾರ ವಡೆ, ಸ್ವಾಮಿ. ಒಂದೂ ಉಳಿಸ್ನಿಲ್ಲ,” ಎಂದ ಹುಚ್ಚಯ್ಯ.

ಸುಬೇದಾರರ ಮೀಸೆ ಅದುರಿತು. ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು. ಟವಲನ್ನು ಬೆತ್ತದಿಂದ ಸರಿಸಿ ಒಳಗೆ ನುಗ್ಗಿದರು. ಚಲುವರಾಜು ಗೋಡೆಗೆ ಅಂಟಿಕೊಂಡು ಸೆಟೆದು ನಿಂತಿದ್ದ. ಕೂತರೆ ಏಳಲಾಗದು, ಬಗ್ಗಿದರೆ ಬದುಕಲಾಗದು. ಸುಬೇದಾರರು ಅವನ ಕಡೆ ನೋಡದೆ ಮರಿಯನ್ನು ಎತ್ತಿ ಹೊಟ್ಟೆ ಒತ್ತಿದರು. ಮೆತ್ತಗಿತ್ತು. ವಸಡು ನೋಡಿದರು, ಗುಲಾಬಿ ಬಣ್ಣ. ಕಣ್ಣು ಚುರುಕು. ಬೆತ್ತ ಹಿಡಿದು ಹಿತ್ತಿಲಿಗೆ ಹೋದರು. ಮರಿ ಆಗತಾನೇ ಮಾಡಿಟ್ಟಿದ್ದನ್ನು ಬಗ್ಗಿ ಅಕ್ಕಸಾಲಿಗ ಚಿನ್ನ ನೋಡುವಂತೆ ನೋಡಿದರು. ಬಹಳ ಹೊತ್ತಿನ ಮೇಲೆ ಎದ್ದು ಬಂದು, ಅಟೆನ್ಷನ್ನಿನಲ್ಲಿ ನಿಂತು, ಮರಿಗೆ ಒಂದು ಸಲಾಮು ಹೊಡೆದರು.

“ನನ್ ಸರ್ವೀಸಲ್ಲಿ ಇಂಥ ನಾಯಿ ನೋಡಿಲ್ಲ ಕಣ್ರಯ್ಯ! ಇಷ್ಟೆಲ್ಲ ತಿಂದೂ ಇಂಗೇ ಅದೆ ಅಂದ್ರೆ ಇದರದ್ದು ಹೊಟ್ಟೆ ಅಲ್ಲ, ಕಬ್ಬಿಣದ ಪೆಟ್ಗೆ!” ಆಮೇಲೆ ಚಲುವರಾಜುವಿನ ಕಡೆ ತಿರುಗಿದರು. “ನಾಯಿ ನಿಂದೇ ಕಣಪ್ಪ. ನಾನ್ ಯೋಳಿದ್ನೆಲ್ಲ ಮರ್ತ್ಬುಡು. ಅವು ಬ್ಯಾರೆ ನಾಯಿಗಳ್ಗೆ. ಇದ್ಕೆ ಭಕ್ತಿಯಿಂದ ಯಾರು ಏನ್ ತಂದ್ರೂ ಕೊಡು. ನೋಡು, ನೀನೂ ಎಷ್ಟು ನೆಟ್ಗೆ ನಿಂತಿದ್ದೀಯ! ಶಿಸ್ತು ಅಂದ್ರೆ ಇದು!”

ಈಗಲಾದರೂ ಹೇಳಬೇಕು ಎಂದು ಚಲುವರಾಜು ಬಾಯಿ ತೆರೆದ. ಮಾತಿನ ಬದಲು ತೇಗು ಬಂತು.

“ಪಾಪ, ನಾಯಿ ಜೊತೆ ಇದ್ದೂ ಇದ್ದೂ ಅದರ ತೇಗು ಇವನ್ಗೂ ಅಂಟ್ಕಂಡದೆ,” ಎಂದಳು ಬೆಟ್ಟಮ್ಮ.

ಸುಬೇದಾರರು ತಿರುಗುವ ಬಸ್ಸಿಗೇ ಹೊರಟರು. ಮರಿ ಉಳಿಯಿತು. ಆ ಸಂತೋಷಕ್ಕೆ ಚಲುವರಾಜು ಸೆಟೆದು ನಿಲ್ಲುವುದನ್ನು ಬಿಟ್ಟ. ಅವನು ಗೋಡೆಗುಂಟ ಜಾರಿ ಚಾಪೆಯ ಮೇಲೆ ಬಿದ್ದು, ಹೊಟ್ಟೆ ಹಿಡಿದುಕೊಂಡು ನರಳಿದ.

ಹೆಂಗಸರು ಒಳಗೆ ನುಗ್ಗಿದರು. ಪುಟ್ಟಗೌರಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

“ಆಗ್ದೆ ಇದ್ದಾದಾ? ಬೆಳಗಿಂದ ಒಂದಗುಳು ಬಾಯಿಗೆ ಇಟ್ಟಿಲ್ಲ ಕಣೇ ನನ್ ಮಗ! ಎಲ್ಲಾನೂ ನಾಯಿಗೇ ತಿನ್ಸಿ ತಾನು ಉಪಾಸ ಬಿದ್ದವ್ನೆ. ಖಾಲಿ ಹೊಟ್ಟೆಗೆ ವಾಯು ತುಂಬ್ಕಂಡದೆ. ಬೆಟ್ಟಿ, ಓಡು, ಒಂದು ಬಿಸಿ ಮುದ್ದೆ ತತ್ತಾ!”

ಮುದ್ದೆ ಬಂತು. ಚಲುವರಾಜು ಅದನ್ನು ಒಮ್ಮೆ ನೋಡಿ, ಕಣ್ಣು ಮುಚ್ಚಿ, ಗೋಡೆಯ ಕಡೆ ಹೊರಳಿದ.

ಪುಟ್ಟಗೌರಮ್ಮನ ದನಿ ನಡುಗಿತು. “ಮುದ್ದೆ ಕಂಡು ಮೊಕ ತಿರುಗಿಸ್ದ ಅಂದ್ರೆ ಇದು ಸಾಮಾನ್ಯದ ಕಾಯ್ಲೆ ಅಲ್ಲ ಕಣೇ.”

ಓಮದ ನೀರು ಕುಡಿಸಿದರು. ಹೊಟ್ಟೆಗೆ ಹರಳೆಣ್ಣೆ ತೀಡಿದರು. ಅವಳ ಒರಟು ಅಂಗೈ ಹೊಟ್ಟೆಯ ಮೇಲೆ ಬಿಡದೆ ಆಡುತ್ತಿತ್ತು. ಮೂರು ವರ್ಷ ಬಾಡಿಗೆಗಿದ್ದರೂ ಈಕೆ ತನ್ನನ್ನು ಹೀಗೆ ಮಗನೆಂದು ಕರೆದದ್ದನ್ನು ಚಲುವರಾಜು ಈವರೆಗೆ ಕಿವಿಗೆ ಹಾಕಿಕೊಂಡಿರಲಿಲ್ಲ. ಅವನಿಗೆ ಕಣ್ಣು ಮಂಜಾಯಿತು. ಸ್ವಲ್ಪ ಹೊತ್ತಿಗೆ ಒಳಗೆ ಏನೋ ಗುಡುಗುಟ್ಟಿ ಕೆಳಗಿಳಿಯಿತು. ನೋವು ನಿಜವಾಗಿಯೂ ಹಗುರವಾಯಿತು. ಸರಿಹೋಯಿತು ಕಣವ್ವ ಎಂದು ಹೇಳಲು ಅವನು ತುಟಿ ತೆರೆಯುತ್ತಿದ್ದ; ಅಷ್ಟರಲ್ಲಿ ಪುಟ್ಟಗೌರಮ್ಮ ಚುಂಚನಗಿರಿಯ ದಿಕ್ಕಿಗೆ ಕೈಮುಗಿದಳು.

“ಬೈರಪ್ಪ, ನಿನ್ ನಾಯಿ ಕಾಯೋನ ಕಾಪಾಡು. ಇವ್ನು ವಾಸಿಯಾಗಿ ಎದ್ರೆ ನಮ್ ಬೀದಿಯೋರು ದಿನಾ ಒಂದೊಂದು ಮನೆಯಿಂದ ನಿನ್ ನಾಯಿಗೆ ಒಂದೊತ್ತು ಎಡೆ ಇಕ್ತೀವಿ. ಶಿವರಾತ್ರಿಗಂಟ ತಪ್ಸಾಕಿಲ್ಲ!”

“ಪರದೆಗೆ ನಾನಿವ್ನಿ,” ಎಂದ ಹುಚ್ಚಯ್ಯ.

ಚಲುವರಾಜುವಿನ ತುಟಿ ಹಾಗೇ ಮುಚ್ಚಿತು. ತಿಂದದ್ದು ತಾನೆಂದು ಹೇಳಿದರೆ ದೇವರ ಎಡೆ ಕದ್ದವನಾಗುತ್ತಾನೆ. ವಾಸಿಯಾಯಿತೆಂದರೆ ಹರಕೆ ಶುರುವಾಗುತ್ತದೆ. ವಾಸಿಯಾಗದೆ ಇದ್ದರೆ? ಹರಕೆಯೇ ಇಲ್ಲ!

“ಎಂಗದೆ ಮಗ ಈಗ?” ಎಂದು ಪುಟ್ಟಗೌರಮ್ಮ ಬಗ್ಗಿ ಕೇಳಿದಳು.

ಜನ್ಮದಲ್ಲಿ ಮೊದಲ ಸಲ ಚಲುವರಾಜು ತಡಮಾಡದೆ, ಬೀದಿಗೆಲ್ಲ ಕೇಳುವಂತೆ ಉತ್ತರ ಕೊಟ್ಟ.

“ನೋವು! ಬಾಳ ನೋವು ಕಣವ್ವಾ! ಒಂಚೂರೂ ಕಮ್ಮಿಯಾಗಿಲ್ಲ!”

ಪುಟ್ಟಗೌರಮ್ಮ ಯೋಚಿಸಿದಳು. ಆಮೇಲೆ ತಲೆಯಾಡಿಸಿದಳು.

“ಬೈರಪ್ಪನಿಗೆ ಒಂದೊತ್ತು ಸಾಲ್ದಾಯ್ತು ಕಣೇ ಬೆಟ್ಟಿ. ಎರಡೊತ್ತು ಅನ್ನಾಣ. ಇನ್ನು ಇವ್ನು ವಾಸಿಯಾಗೋಗಂಟ ಕಾಯೋದೂ ಬ್ಯಾಡ, ನಾಳೆ ಬೆಳಗಿಂದ್ಲೇ ಇಕ್ಕಾಣ.”

ಹುಚ್ಚಯ್ಯ ಟವಲು ಹೆಗಲಿಗೆ ಹಾಕಿಕೊಂಡು ಉದ್ದು ನೆನೆಹಾಕಲು ಹೊರಟ.